ಹಣ ಕೊಟ್ಟು ತಂದ ಸಾಕ್ಷಿ

ಆಗಮನ ಕಾಲದ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾಲತವಾಡದ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿಟ್ಟ ಒಂದು ಪ್ರಮಾಣಪತ್ರವಿತ್ತು. ಅದರ ಮೇಲ್ಭಾಗದಲ್ಲಿ ಜಗತ್ತೆಲ್ಲ ಬಲ್ಲ ಒಂದು ವಿದೇಶಿ ವಿಶ್ವವಿದ್ಯಾಲಯದ ಲಾಂಛನ. ಕೆಳಗೆ ಅವರ ಮಗನ ಹೆಸರು. ಬಿ.ಕಾಂ. ಮುಗಿಸಿದ ಹುಡುಗ ಆರು ತಿಂಗಳು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ದತ್ತಾಂಶ ವಿಶ್ಲೇಷಣೆಯ ಪಾಠಗಳನ್ನು ಕೇಳಿದ್ದ. ಅದರ ಶುಲ್ಕ 1,20,000 ರೂಪಾಯಿ. ಮಗಳನ್ನು ನರ್ಸಿಂಗ್ ಓದಿಸಲೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿಯನ್ನು ಮುರಿಸಿ ಅದರಲ್ಲಿ ಅರ್ಧ ಕಟ್ಟಿದ್ದರು. ಉಳಿದದ್ದು ತಿಂಗಳ ಕಂತಿನ ಸಾಲ.

"ಮಾಸ್ತರ, ದೊಡ್ಡ ಕಾಲೇಜಿನ ಕಾಗದ ಬಂದೈತ್ರಿ. ಆದ್ರ ನೌಕರಿ ಬರವಲ್ದು. ಇನ್ನೊಂದು ಮೇಲಿನ ಕೋರ್ಸ್ ಮಾಡಿದ್ರ ಖಾತ್ರಿ ಬರ್ತದಂತ ಫೋನ್ ಮ್ಯಾಲೆ ಫೋನ್ ಮಾಡಾಕತ್ತಾರ. 90,000 ಅಂತ್ರಿ. ಕಟ್ಟೋಣೇನ್ರಿ?" ಎಂದು ಕೇಳಿದರು.

"ಒಂದ್ ವಾರ ತಡೀರಿ ಅಕ್ಕಾರ, ನೋಡಿ ಹೇಳ್ತೀನಿ" ಎಂದು ಹೇಳಿ ಕಳುಹಿಸಿದೆ. ಆದರೆ ಆ ದಿನ ನನ್ನ ಮುಖ ತಗ್ಗಿತ್ತು. ಏಕೆಂದರೆ ಅದೇ ಪ್ರಮಾಣಪತ್ರ ಬಂದಾಗ ನಾವೇ ಆ ಹುಡುಗನನ್ನು ದೇವಾಲಯದ ಅಂಗಳದಲ್ಲಿ ನಿಲ್ಲಿಸಿ ಶಾಲು ಹೊದಿಸಿದ್ದೆವು. ನಮ್ಮ ಸಮುದಾಯದ ಮಗನೊಬ್ಬ ಅಷ್ಟು ದೊಡ್ಡ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದನೆಂದು ಹೊಗಳಿ ಭಾಷಣ ಮಾಡಿದವನು ನಾನೇ. ಆತ ಅಲ್ಲಿಯ ವಿದ್ಯಾರ್ಥಿಯಾಗಿದ್ದನೇ, ಆ ಕಾಗದ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನಾನು ವಿಚಾರಿಸಿರಲಿಲ್ಲ. ಆದಕಾರಣ ಈ ಲೇಖನ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವೂ ಹೌದು, ನನ್ನ ಭಾಷಣದ ತಿದ್ದುಪಡಿಯೂ ಹೌದು.

ನಾನು ಹೇಳಬೇಕಾದುದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಮಾಣಪತ್ರವೆಂದರೆ ಒಂದು ಸಾಕ್ಷಿ. "ಈ ವ್ಯಕ್ತಿಯನ್ನು ನಾನು ಪರೀಕ್ಷಿಸಿದ್ದೇನೆ, ಈತನಿಗೆ ಈ ಕೆಲಸ ಬರುತ್ತದೆ" ಎಂದು ಬಲ್ಲವರೊಬ್ಬರು ಮೂರನೆಯವರ ಮುಂದೆ ನುಡಿಯುವ ಮಾತು ಅದು. ಸಾಕ್ಷಿಗೆ ಬೆಲೆ ಬರುವುದು ಸಾಕ್ಷಿ ನುಡಿಯುವವನ ಹೆಸರಿನಿಂದ ಮಾತ್ರವಲ್ಲ, ಆತ ನಿಜವಾಗಿ ಕಂಡಿದ್ದಾನೆಯೇ ಎಂಬುದರಿಂದ. ಹಣ ಕಟ್ಟಿದ ಬಹುಮಟ್ಟಿಗೆ ಎಲ್ಲರಿಗೂ ದೊರೆಯುವ, ಸೋಲಿಗೆ ಎಡೆಯೇ ಇಲ್ಲದ ಒಂದು ಪತ್ರದ ಮೇಲೆ ಎಷ್ಟೇ ದೊಡ್ಡ ಹೆಸರಿದ್ದರೂ ಅದು ಕಂಡು ನುಡಿದ ಸಾಕ್ಷಿಯಲ್ಲ. ಅಂಥ ಪತ್ರಕ್ಕಾಗಿ ನಮ್ಮ ಕುಟುಂಬಗಳು ಸಾಲ ಮಾಡುವುದು, ಒಂದು ಮಗುವಿನ ಓದಿನ ಹಣವನ್ನು ಮತ್ತೊಂದು ಮಗುವಿನ ಲಾಂಛನಕ್ಕೆ ಸುರಿಯುವುದು ತಪ್ಪು. ಅದನ್ನು ತಪ್ಪೆಂದು ಹೇಳದೆ ಸುಮ್ಮನಿರುವುದೂ ತಪ್ಪು.

ಮಿಥ್ಯಾ ಸಾಕ್ಷಿಯನ್ನು ಹೇಳಬಾರದೆಂಬ ಎಂಟನೆಯ ಆಜ್ಞೆಯನ್ನು ನಾವು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದು ನ್ಯಾಯಾಲಯದ ಕಟಕಟೆಗೆ ಮಾತ್ರ ಸಂಬಂಧಿಸಿದ ಆಜ್ಞೆಯೆಂದು ಬಗೆದಿದ್ದೇವೆ. ತಾನು ಕಾಣದ ವಿದ್ಯಾರ್ಥಿಯ ಬಗ್ಗೆ, ತಾನು ನಡೆಸದ ಪರೀಕ್ಷೆಯ ಆಧಾರದ ಮೇಲೆ, ತನ್ನ ಹೆಸರನ್ನು ಬಾಡಿಗೆಗೆ ಕೊಡುವ ಸಂಸ್ಥೆಗೂ ಆ ಆಜ್ಞೆ ಅನ್ವಯಿಸುತ್ತದೆ ಎಂಬುದು ನನ್ನ ನಂಬಿಕೆ.

ಈ ವ್ಯವಹಾರ ಹುಟ್ಟಿದಾಗ ಹೀಗಿರಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಅಮೆರಿಕದ ಎಂಐಟಿ ಸಂಸ್ಥೆಯು ತನ್ನ ಪಾಠಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದೆಂದು 2001ರಲ್ಲಿ ಘೋಷಿಸಿತು. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಜಗತ್ತಿನ ಮೂಲೆಮೂಲೆಯಿಂದ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಮರುವರ್ಷವೇ ಕೋರ್ಸೆರಾ, ಉಡಾಸಿಟಿ, ಎಡೆಕ್ಸ್ ಎಂಬ ಮೂರು ವೇದಿಕೆಗಳು ಕಾರ್ಯಾರಂಭ ಮಾಡಿದವು. ಬಡವನ ಮನೆಗೆ ಹಾರ್ವರ್ಡ್ ಬರುತ್ತದೆಂದು ಲೋಕವೇ ಸಂಭ್ರಮಿಸಿತು. ಅದು ಸುಳ್ಳು ಸಂಭ್ರಮವೇನೂ ಆಗಿರಲಿಲ್ಲ. ಪಾಠ ನಿಜಕ್ಕೂ ಬಂದಿತು. ಇಂದಿಗೂ ಎಷ್ಟೋ ಒಳ್ಳೆಯ ಪಾಠಗಳು ಬಿಟ್ಟಿಯಾಗಿಯೇ ದೊರೆಯುತ್ತವೆ.

ಆದರೆ ಪಾಠವನ್ನು ಬಿಟ್ಟಿ ಕೊಟ್ಟವರಿಗೆ ಖರ್ಚು ಹುಟ್ಟಬೇಕಲ್ಲ? ಪಾಠವನ್ನು ಮಾರಲಾಗದಿದ್ದಾಗ ಪತ್ರವನ್ನು ಮಾರಲು ತೊಡಗಿದರು. ಎಡೆಕ್ಸ್ ತನ್ನ ಬಿಟ್ಟಿ ಪ್ರಮಾಣಪತ್ರಗಳನ್ನು 2015ರ ಕೊನೆಗೆ ನಿಲ್ಲಿಸಿತು. ಎಂಐಟಿ ಮತ್ತು ಹಾರ್ವರ್ಡ್ ಕೂಡಿ ಲಾಭದ ಉದ್ದೇಶವಿಲ್ಲದೆ ಕಟ್ಟಿದ್ದ ಆ ಸಂಸ್ಥೆಯನ್ನು 2021ರಲ್ಲಿ 80 ಕೋಟಿ ಡಾಲರ್‌ಗೆ ಒಂದು ವ್ಯಾಪಾರಿ ಕಂಪನಿಗೆ ಮಾರಲಾಯಿತು. ಕೊಂಡ ಆ ಕಂಪನಿ 2024ರ ಜುಲೈನಲ್ಲಿ ಸಾಲದ ಹೊರೆ ತಾಳಲಾರದೆ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕಿತು. ವಿಶ್ವವಿದ್ಯಾಲಯದ ಹೆಸರು, ಕಂಪನಿಯ ಜಾಹೀರಾತು, ಕಂಪನಿಯ ಫೋನು, ಶುಲ್ಕದಲ್ಲಿ ಇಬ್ಬರಿಗೂ ಪಾಲು: ಇದು ಇಂದಿನ ವ್ಯವಸ್ಥೆ. ಅಮೆರಿಕದ ಇಂಥ ಅನೇಕ ಒಪ್ಪಂದಗಳಲ್ಲಿ ಶುಲ್ಕದ ಸುಮಾರು ಅರ್ಧವೋ ಅದಕ್ಕಿಂತ ಹೆಚ್ಚೋ ಕಂಪನಿಗೆ ಹೋಗುತ್ತಿದ್ದುದು ಬಹಿರಂಗ ಸಂಗತಿ. ಹಾಗಿರುವಾಗ ನಾಲತವಾಡದ ತಾಯಿ ಕಟ್ಟಿದ ಹಣದಲ್ಲಿ ಮಗನ ಪಾಠಕ್ಕೆ ಹೋದದ್ದೆಷ್ಟು, ಮುಂದಿನ ತಾಯಿಗೆ ಫೋನು ಮಾಡುವುದಕ್ಕೆ ಹೋದದ್ದೆಷ್ಟು? ಈ ಲೆಕ್ಕವನ್ನು ಅವರಿಗೆ ಯಾರೂ ಕೊಡುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ: ಈ ಪತ್ರಗಳಿಂದ ಉದ್ಯೋಗಕ್ಕೆ ಸಹಾಯವಾಗುತ್ತದೆಯೇ? ಆಗುವುದೇ ಇಲ್ಲವೆಂದು ನಾನು ಹೇಳಿದರೆ ನಾನೂ ಮಿಥ್ಯಾ ಸಾಕ್ಷಿಯೇ. ಕೋರ್ಸೆರಾದಲ್ಲಿ ಪಾಠ ಮುಗಿಸಿದವರನ್ನು ವಿಚಾರಿಸಿ ಸಿದ್ಧಪಡಿಸಿದ ಒಂದು ವರದಿ 2015ರಲ್ಲಿ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯಿತು. ವೃತ್ತಿಗಾಗಿಯೇ ಕಲಿತವರಲ್ಲಿ ಬಹುಪಾಲು ಜನ ಏನಾದರೊಂದು ಪ್ರಯೋಜನವಾಯಿತೆಂದು ಹೇಳಿದರು. ಆದರೆ ಹೊಸ ಕೆಲಸ, ಬಡ್ತಿ, ಸಂಬಳದ ಏರಿಕೆಯಂಥ ಕೈಗೆ ಸಿಗುವ ಪ್ರಯೋಜನ ಕಂಡವರು ಅವರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಅದೂ ಪಾಠವನ್ನು ಮುಗಿಸಿದವರಲ್ಲಿ, ಮುಗಿಸಿ ಉತ್ತರ ಬರೆಯಲು ಮನಸ್ಸು ಮಾಡಿದವರಲ್ಲಿ. ಮುಗಿಸುವವರಾದರೂ ಎಷ್ಟು ಮಂದಿ? ಎಡೆಕ್ಸ್‌ನಲ್ಲಿದ್ದ ಎಂಐಟಿ ಮತ್ತು ಹಾರ್ವರ್ಡ್ ಪಾಠಗಳ ಆರು ವರ್ಷಗಳ ಲೆಕ್ಕವನ್ನು ಪರಿಶೀಲಿಸಿದ ಅಧ್ಯಯನ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು. 2017-18ರಲ್ಲಿ ಹೆಸರು ನೋಂದಾಯಿಸಿದ ನೂರರಲ್ಲಿ ಪಾಠ ಪೂರ್ಣಗೊಳಿಸಿದವರು ಸುಮಾರು ಮೂವರು. ಹಣ ಕಟ್ಟಿದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಕೊನೆ ಮುಟ್ಟಲಿಲ್ಲ.

ಪ್ರಯೋಜನ ಪಡೆದವರು ಯಾರೆಂಬುದನ್ನೂ ಗಮನಿಸಬೇಕು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು 2013ರಲ್ಲಿ ತಮ್ಮ ಕೋರ್ಸೆರಾ ಪಾಠಗಳ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಆಗಲೇ ಪದವಿ ಹೊಂದಿದವರು. ಭಾರತದಂಥ ದೇಶಗಳಲ್ಲಿ ಈ ಪಾಠಗಳನ್ನು ಸೇರಿದವರು ಬಹುಪಾಲು ಅತ್ಯಂತ ಅನುಕೂಲಸ್ಥ, ಅತ್ಯಂತ ವಿದ್ಯಾವಂತ ವರ್ಗದವರು. ಇದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿನ ಕಂಪನಿಯಲ್ಲಿ ಹತ್ತು ವರ್ಷ ದುಡಿದ ಎಂಜಿನಿಯರ್ ಹೊಸದೊಂದು ವಿದ್ಯೆ ಕಲಿತಾಗ ಅವನ ಹತ್ತು ವರ್ಷದ ಕೆಲಸವೇ ಅವನ ಸಾಕ್ಷಿ. ಪ್ರಮಾಣಪತ್ರ ಅದಕ್ಕೆ ಒಂದು ಅಡಿಟಿಪ್ಪಣಿ. ಎಷ್ಟೋ ವೇಳೆ ಶುಲ್ಕವನ್ನೂ ಅವನ ಕಂಪನಿಯೇ ಕಟ್ಟುತ್ತದೆ. ನಮ್ಮ ಹುಡುಗನಿಗಾದರೋ ಆ ಪತ್ರವೇ ಮುಖ್ಯ ಗ್ರಂಥ. ಉಣ್ಣುವ ರೊಟ್ಟಿಗೆ ಸವರಿದರೆ ತುಪ್ಪಕ್ಕೆ ರುಚಿ. ರೊಟ್ಟಿಯೇ ಇಲ್ಲದವನಿಗೆ ತುಪ್ಪವನ್ನು ಮಾತ್ರ ಸಾಲಕ್ಕೆ ಮಾರುವವನು ಅವನ ಹಸಿವನ್ನು ಬಲ್ಲವನಲ್ಲ.

ಆ ವಾರ ನಾನು ಹುಡುಗನನ್ನು ಕರೆಸಿ ಮಾತನಾಡಿಸಿದೆ. ಆತ ಸೋಮಾರಿಯಲ್ಲ, ಮೋಸಗಾರನೂ ಅಲ್ಲ; ಒಂದು ಪಾಠವನ್ನೂ ತಪ್ಪಿಸದೆ ಕೇಳಿದ್ದಾನೆ. "ಪರೀಕ್ಷೆ ಹೇಗಿತ್ತು?" ಎಂದು ಕೇಳಿದೆ. ಪಾಠದ ಕೊನೆಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ತಪ್ಪಾದರೆ ಮತ್ತೆ ಬರೆಯಬಹುದು. ಸರಿಯಾಗುವ ತನಕ ಬರೆಯಬಹುದು ಎಂದ. "ನಿಮ್ಮ ತಂಡದಲ್ಲಿ ಯಾರಾದರೂ ಅನುತ್ತೀರ್ಣರಾದರೇ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಕಂತು ಕಟ್ಟೋದು ಬಿಟ್ಟವ್ರಿಗೆ ಮಾತ್ರ ಸಿಗಲಿಲ್ರಿ ಸರ್" ಎಂದ. ಆ ಉತ್ತರ ಕೇಳಿದ ಮೇಲೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ. ಕೆಲಸ ಕೊಡುವವನು ಮೂರ್ಖನಲ್ಲ. ಆತನಿಗೂ ಇದು ಗೊತ್ತು. ಆದುದರಿಂದಲೇ ಲಾಂಛನ ನೋಡಿ ತಲೆದೂಗಿ, ಪತ್ರವನ್ನು ಪಕ್ಕಕ್ಕಿಟ್ಟು, "ನಿನಗೇನು ಬರುತ್ತದೆ?" ಎಂದು ಕೇಳುತ್ತಾನೆ.

ದೂರದಲ್ಲಿದ್ದು ಕಲಿಯುವುದೇ ಹೀನವೆಂದು ಯಾರೂ ತಿಳಿಯಬಾರದು. ಲಂಡನ್ ವಿಶ್ವವಿದ್ಯಾಲಯವು 1858ರಲ್ಲಿಯೇ ತನ್ನ ಪರೀಕ್ಷೆಗಳನ್ನು ಹೊರಗಿನವರಿಗೆ ತೆರೆದಿಟ್ಟಿತು. ನೆಲ್ಸನ್ ಮಂಡೇಲಾ ಸೆರೆಮನೆಯಲ್ಲಿದ್ದುಕೊಂಡೇ ಆ ವಿಶ್ವವಿದ್ಯಾಲಯದ ಕಾನೂನು ಪರೀಕ್ಷೆಗಳಿಗೆ ಓದಿದರು. ಆ ವ್ಯವಸ್ಥೆಗೆ ಗೌರವ ಬಂದದ್ದು ಏಕೆ? ಎಲ್ಲಿ ಕುಳಿತು ಓದಿದರೂ ಪರೀಕ್ಷೆ ಪರೀಕ್ಷೆಯೇ ಆಗಿತ್ತು, ಬಾರದವನು ಫೇಲಾಗುತ್ತಿದ್ದ.

ನಮ್ಮ ದೇಶದಲ್ಲಿಯೂ ಅಂಥ ದಾರಿಗಳಿವೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಪಾಠಗಳು ಪೂರ್ತಿ ಬಿಟ್ಟಿ. ಹಲವು ಪಾಠಗಳಿಗೆ ಕನ್ನಡ ಅನುವಾದವೂ ಉಂಟು. 2014ರಿಂದ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಅದಕ್ಕೆ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಕುಳಿತು ಪರೀಕ್ಷೆ ಬರೆಯಬೇಕು. ಶುಲ್ಕ ಒಂದು ಪಾಠಕ್ಕೆ ಸಾವಿರ ರೂಪಾಯಿಯ ಆಸುಪಾಸು. ನೂರು ಅಂಕಗಳಲ್ಲಿ 75 ಅಂಕ ಆ ಪರೀಕ್ಷೆಗೇ ಮೀಸಲು. ಕೇಂದ್ರ ಸರ್ಕಾರ 2017ರಲ್ಲಿ ಉದ್ಘಾಟಿಸಿದ 'ಸ್ವಯಂ' ವೇದಿಕೆಯ ಪಾಠಗಳ ಅಂಕಗಳನ್ನು ಕಾಲೇಜುಗಳು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳಲು ವಿಶ್ವವಿದ್ಯಾಲಯ ಅನುದಾನ ಆಯೋಗದ ಅನುಮತಿಯಿದೆ. ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಗೆ ಹನ್ನೆರಡನೆಯ ತರಗತಿ ಮುಗಿಸಿದ ಯಾರೂ ಅರ್ಜಿ ಹಾಕಬಹುದು. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರದಲ್ಲಿ. ಬಡ ಕುಟುಂಬದ ಮಕ್ಕಳಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ. ಹೆಸರೂ ದೊಡ್ಡದು, ಸೋಲುವ ಸಾಧ್ಯತೆಯೂ ನಿಜ. ಇವುಗಳ ಪರವಾಗಿ ನಮ್ಮ ಮನೆಗೆ ಫೋನು ಬರುವುದಿಲ್ಲ. ಏಕೆಂದರೆ ನಾವು ಸೇರಿದರೆ ಯಾರಿಗೂ ದಳ್ಳಾಳಿ ಸಿಗುವುದಿಲ್ಲ.

ದೊಡ್ಡ ಹೆಸರನ್ನು ದಳ್ಳಾಳಿಯ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಸ್ಥಾಪನೆಯಾದದ್ದು ಕಾಲೇಜಿನ ಮೆಟ್ಟಿಲು ಹತ್ತಲಾಗದ ಬಡವರಿಗೆ, ದುಡಿಯುವವರಿಗೆ, ಗೃಹಿಣಿಯರಿಗೆ ಪದವಿ ಕೊಡುವ ಪವಿತ್ರ ಉದ್ದೇಶದಿಂದ. ಆದರೆ ಅದು ರಾಜ್ಯದ ಎಲ್ಲೆ ದಾಟಿ ಖಾಸಗಿ ಸಹಭಾಗಿ ಸಂಸ್ಥೆಗಳ ಮೂಲಕ, ಅನುಮತಿಯಿಲ್ಲದ ತಾಂತ್ರಿಕ ಪಾಠಗಳನ್ನೂ ಸೇರಿಸಿ, ಪದವಿಗಳನ್ನು ಕೊಡತೊಡಗಿತೆಂಬ ಕಾರಣಕ್ಕೆ 2013-14ರಿಂದ ಮುಂದಿನ ಪ್ರವೇಶಗಳಿಗೆ ಮಾನ್ಯತೆ ಇಲ್ಲವೆಂದು ಅನುದಾನ ಆಯೋಗ 2015ರಲ್ಲಿ ಸಾರಿತು. 2018ರಲ್ಲಿ ಮಾನ್ಯತೆ ಮರಳಿ ಬಂದಿತು. ವಿಶ್ವವಿದ್ಯಾಲಯ ಈಗ ಕ್ರಮಬದ್ಧವಾಗಿ ನಡೆಯುತ್ತಿದೆ. ಆದರೆ ಆ ನಡುವೆ ಹಣ ಕಟ್ಟಿ, ಓದಿ, ಪರೀಕ್ಷೆ ಬರೆದು, ಪದವಿ ಹಿಡಿದು ನಿಂತ ಮಕ್ಕಳು ಆ ವರ್ಷಗಳನ್ನು ಯಾರಲ್ಲಿ ಕೇಳಬೇಕು? ತಪ್ಪು ಮಾಡಿದವರು ಬೇರೆ, ತೆತ್ತವರು ಬೇರೆ. ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲೇ ಹೀಗಾದರೆ, ಸಾಗರದಾಚೆಯ ಹೆಸರನ್ನು ಇಲ್ಲಿ ಮಾರುವ ಕಂಪನಿ ನಾಳೆ ಬಾಗಿಲು ಹಾಕಿದಾಗ ನಮ್ಮನ್ನು ವಿಚಾರಿಸುವವರು ಯಾರು?

ಎಚ್ಚರಿಕೆಗಳು ಬಂದಿಲ್ಲವೆಂದೇನೂ ಇಲ್ಲ. ಕಂತಿನ ಸಾಲ ಮತ್ತು ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಡುವ ಮುನ್ನ ಜಾಗರೂಕರಾಗಿರಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ತಂದೆತಾಯಿಗಳಿಗೆ ಸಲಹೆ ನೀಡಿತು. ಕಂಪನಿಗಳಿಗೆ ಪರವಾನಗಿ ಕೊಟ್ಟು ತಮ್ಮ ಹೆಸರಿನಲ್ಲಿ ದೂರಶಿಕ್ಷಣ, ಆನ್‌ಲೈನ್ ಪದವಿ ನಡೆಸುವಂತಿಲ್ಲವೆಂದು ಅನುದಾನ ಆಯೋಗ 2022ರ ಜನವರಿಯಲ್ಲಿ ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ವಿದೇಶಿ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಇಂಥ ಕಂಪನಿಗಳು ಕೊಡಿಸುವ ಅನುಮತಿಯಿಲ್ಲದ ಪದವಿಗಳಿಗೆ ಮಾನ್ಯತೆಯಿಲ್ಲವೆಂದು 2023ರ ಡಿಸೆಂಬರ್‌ನಲ್ಲಿ ಮತ್ತೆ ಸಾರಿತು. ಪದವಿಗೇ ಹೀಗಿರುವಾಗ ಪದವಿಯೂ ಅಲ್ಲದ ಪ್ರಮಾಣಪತ್ರದ ಮಾತೇನು? ಸರ್ಕಾರಿ ನೇಮಕಾತಿಯ ಅರ್ಜಿಯಲ್ಲಿ ಪದವಿಯನ್ನು ಕೇಳುವ ಜಾಗದಲ್ಲಿ ಅದನ್ನು ಬರೆಯಲು ಬರುವುದಿಲ್ಲ.

ಇನ್ನೊಂದು ಸಂಗತಿ ಆ ತಾಯಿಯ ಮನೆಗೆ ನೇರವಾಗಿ ತಾಗುವಂಥದು. ಅನುದಾನ ಆಯೋಗದ 2020ರ ನಿಯಮಗಳ ಪ್ರಕಾರ ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ಔಷಧಶಾಸ್ತ್ರ, ನರ್ಸಿಂಗ್ ಮುಂತಾದ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡುವಂತಿಲ್ಲ. ರೋಗಿಯ ಮಗ್ಗುಲಲ್ಲಿ ನಿಂತು, ನಾಡಿ ಹಿಡಿದು, ರಾತ್ರಿ ಪಾಳಿ ಮಾಡಿ, ಅನುಭವಿ ದಾದಿಯ ಕಣ್ಣೆದುರಿಗೆ ಕಲಿಯಬೇಕಾದ ವಿದ್ಯೆ ಅದು. ಜೀವದ ಪ್ರಶ್ನೆ ಬಂದಲ್ಲಿ ಕಾನೂನು ಪರದೆಯ ಮೇಲಿನ ಸಾಕ್ಷಿಯನ್ನು ಒಪ್ಪುವುದಿಲ್ಲ. ಈ ಮನೆಯಲ್ಲಿ ಆದದ್ದೇನು? ಅಂಥ ಗಟ್ಟಿ ವಿದ್ಯೆಗೆಂದು ಮಗಳ ಹೆಸರಿನಲ್ಲಿ ಕೂಡಿಟ್ಟ ಹಣ ಮಗನ ಕಾಗದಕ್ಕೆ ಹೋಯಿತು. ಹೆಣ್ಣುಮಗಳ ಪಾಲಿನದು ಯಾವಾಗಲೂ ಕೈಗೆ ಸುಲಭವಾಗಿ ಸಿಗುತ್ತದೆ. ಆಕೆಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಎದುರು ಪಕ್ಷದ ಮಾತನ್ನು ಕೇಳೋಣ. "ಪಟ್ಟಣದವರಿಗೆ ನೂರು ಬಾಗಿಲು. ರೈಲು ಹತ್ತಬೇಕೆಂದರೂ ಆಲಮಟ್ಟಿಯ ಕಡೆ ಹೋಗಬೇಕಾದ ನಾಲತವಾಡದ ಹುಡುಗನಿಗೆ ಇರುವುದು ಇದೊಂದೇ ಕಿಟಕಿ. ಅವನ ಕಾಲೇಜಿನ ಹೆಸರನ್ನು ಬೆಂಗಳೂರಿನಲ್ಲಿ ಯಾರೂ ಕೇಳಿಲ್ಲ. ಒಂದು ದೊಡ್ಡ ಹೆಸರು ಜೊತೆಗಿದ್ದರೆ ಅರ್ಜಿಯನ್ನಾದರೂ ತೆರೆದು ನೋಡುತ್ತಾರೆ." ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರಿನ ಹೆಸರಿಗೇ ಮುಖ ತಿರುಗಿಸುವ ಅನ್ಯಾಯ ಇದೆ. ಕೆಲಸವಿಲ್ಲದೆ ಗೋವಾಕ್ಕೆ, ಮಹಾರಾಷ್ಟ್ರಕ್ಕೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ನಮ್ಮ ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲೂಕುಗಳಲ್ಲಿ ಎಷ್ಟೋ ಇವೆ. ಆ ದಾರಿಯಿಂದ ತನ್ನ ಮಗನನ್ನು ತಪ್ಪಿಸಬೇಕೆಂದು ತಾಯಿ ಹಂಬಲಿಸುವುದರಲ್ಲಿ ತಪ್ಪಿಲ್ಲ. ಮಾರುವವರಿಗೆ ಸಿಕ್ಕಿರುವುದೂ ಆ ಹಂಬಲವೇ.

ಆದರೆ ಊರಿನ ಹೆಸರಿಗೆ ಮುಖ ತಿರುಗಿಸುವುದು ಇಂದಿನ ಮಾತೇ? ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯವನ್ನೇ ತೆರೆದು ನೋಡಿ. ನಜರೇತಿನಂಥ ಊರಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಿಯೇಲ ಸಂದೇಹಪಟ್ಟ. ಆಗ ಫಿಲಿಪ್ಪ ವಾದಿಸಲಿಲ್ಲ. ಜೆರುಸಲೇಮಿನ ಯಾವ ಪಂಡಿತನ ಹೆಸರನ್ನೂ ಎರವಲು ತರಲಿಲ್ಲ. ಬಂದು ನೋಡೆಂದು ಕರೆದ, ಅಷ್ಟೇ. ಯೇಸುಸ್ವಾಮಿ ಅಧಿಕೃತ ಶಿಕ್ಷಣ ಪಡೆಯದೆ ಇಷ್ಟೆಲ್ಲ ಹೇಗೆ ಬಲ್ಲರೆಂದು ಜನ ಬೆರಗಾದದ್ದನ್ನೂ ಅದೇ ಶುಭಸಂದೇಶ ದಾಖಲಿಸಿದೆ. ಊರಿನವರು ಅವರನ್ನು ಗುರುತಿಸಿದ್ದು ಬಡಗಿಯೆಂದು. ಮಾಡಿದ ಕೆಲಸವೇ ಅಲ್ಲಿ ಗುರುತು. ನಾಲತವಾಡದ ಹುಡುಗನಿಗೆ ಬೇಕಾದುದು ಎರವಲು ತಂದ ದೊಡ್ಡ ಹೆಸರಲ್ಲ. "ಬಂದು ನೋಡಿ" ಎಂದು ಕರೆದು ತೋರಿಸಬಲ್ಲ ಒಂದು ಕೆಲಸ.

ನಮ್ಮ ನಾಡಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಈ ನಾಡಿಗೆ ಬಂದರು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಅದರ ಅನಂತರ. ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರು ವಕೀಲಿಕೆಯ ನಡುವೆ ಊರೂರು ಅಲೆದು ವಚನಗಳ ತಾಡೆಗರಿಗಳನ್ನು ಕೂಡಿಸಿ 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಹೊರತಂದರು. ಗೌರವ ಪದವಿ ಬಂದದ್ದು ದಶಕಗಳ ಮೇಲೆ. ಈ ಇಬ್ಬರ ಬಾಳಿನಲ್ಲಿ ಕೆಲಸ ಮುಂದೆ ನಡೆಯಿತು. ಪತ್ರ ಹಿಂದಿನಿಂದ ಬಂದಿತು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಯಲ್ಲಿ ಬಾಳುವ ನಮಗೆ ಕಾಯಕದ ಘನತೆಯನ್ನು ಬೇರೆಯವರು ಬಂದು ಹೇಳಿಕೊಡಬೇಕೇ? ವಿಶ್ವಗುರು ಎರಡನೆಯ ಜಾನ್ ಪಾಲ್ ಅವರು 1981ರಲ್ಲಿ ಶ್ರಮದ ಬಗ್ಗೆ ಬರೆದ ವಿಶ್ವಪತ್ರದ ಬೋಧನೆಯೂ ಇದಕ್ಕೆ ದೂರವಲ್ಲ: ಕೆಲಸಕ್ಕೆ ಘನತೆ ಬರುವುದು ಅದನ್ನು ಮಾಡುವ ಮನುಷ್ಯನಿಂದ.

ಪ್ರಿಯ ವಾಚಕರೇ, ಕಂಪನಿಗಳನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಕೊಳ್ಳುವವರಿರುವುದರಿಂದಲೇ ಮಾರುವವರು. ಮಗ ಏನು ಕಲಿತನೆಂದು ಕೇಳುವುದಕ್ಕಿಂತ ಎಲ್ಲಿಂದ ಪತ್ರ ಬಂದಿತೆಂದು ಹೇಳಿಕೊಳ್ಳುವುದು ನಮಗೆ ಇಷ್ಟ. ಕನ್ಯೆ ನೋಡಲು ಹೋದಾಗ, ನೆಂಟರ ಮನೆಯ ಮದುವೆಯಲ್ಲಿ, ಗುರುಗಳ ಮುಂದೆ, ಆ ಹೆಸರನ್ನು ನುಡಿಯುವಾಗ ನಮ್ಮ ದನಿ ಏರುತ್ತದೆ. ವೆಲ್ಡಿಂಗ್ ಕಲಿತ ಹುಡುಗನಿಗೆ, ಐಟಿಐ ಮುಗಿಸಿ ವಿದ್ಯುತ್ ಕೆಲಸ ಮಾಡುವವನಿಗೆ, ಅಂಗನವಾಡಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ ನಾವು ಎಂದಾದರೂ ಶಾಲು ಹೊದಿಸಿದ್ದೇವೆಯೇ? ಪ್ರತಿವರ್ಷ ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬ ಮಾಡುತ್ತೇವೆ. ಮರುದಿನವೇ ಕೈಕೆಲಸ ಮಾಡುವವನನ್ನು ಮದುವೆಯ ಮಾತುಕತೆಯಲ್ಲಿ ಕಡೆಗಣಿಸುತ್ತೇವೆ. ನಮ್ಮ ಈ ಒಣಹೆಮ್ಮೆಯೇ ಆ ವ್ಯಾಪಾರದ ಬಂಡವಾಳ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಯೇಸುಸ್ವಾಮಿ ಹೇಳಿದ್ದನ್ನು ಸಂತ ಲೂಕರು ಬರೆದಿದ್ದಾರೆ. ಶುಲ್ಕ ಕಟ್ಟುವ ಮುನ್ನ ನಮ್ಮ ಕುಟುಂಬಗಳೂ ಕುಳಿತು ಲೆಕ್ಕ ಹಾಕಲಿ. ಇದು ಪದವಿಯೋ, ಬರಿಯ ಭಾಗವಹಿಸಿದ ಪತ್ರವೋ? ಪದವಿಯಾದರೆ ಅನುದಾನ ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಅದರ ಹೆಸರಿದೆಯೇ? ಪರೀಕ್ಷೆಯಲ್ಲಿ ಸೋಲುವವರು ಇದ್ದಾರೆಯೇ? ಇದೇ ಪಾಠ ಬಿಟ್ಟಿಯಾಗಿ ಬೇರೆಲ್ಲಿಯಾದರೂ ಇದೆಯೇ? "ಖಾತ್ರಿ ಉದ್ಯೋಗ" ಎಂದವರು ಅದನ್ನು ಬರೆದು ಸಹಿ ಹಾಕಿ ಕೊಡುತ್ತಾರೆಯೇ? ಕಲಿಕೆ ನಡುವೆ ನಿಂತರೆ ಕಂತೂ ನಿಲ್ಲುತ್ತದೆಯೇ? ಕೊನೆಯದಾಗಿ, ಈ ಹಣ ಮನೆಯ ಇನ್ನೊಂದು ಮಗುವಿನ ಪಾಲಿನದೇ? ಇವುಗಳಲ್ಲಿ ಎರಡಕ್ಕಾದರೂ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಫೋನನ್ನು ಕೆಳಗಿಡುವುದೇ ವಿವೇಕ.

ಧರ್ಮಕೇಂದ್ರವೂ ಮಾಡಬಹುದಾದ ಕೆಲಸವಿದೆ. ಧರ್ಮೋಪದೇಶದ ಕೋಣೆ ವಾರದ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ಒಂದು ಗಣಕಯಂತ್ರ, ಒಂದು ಅಂತರಜಾಲ ಸಂಪರ್ಕ, ವಾರಕ್ಕೆರಡು ಸಂಜೆ ಕೂತು ಕೇಳುವ ಒಬ್ಬ ಹಿರಿಯರು ಇದ್ದರೆ ಸಾಕು. ಬಿಟ್ಟಿ ಪಾಠಗಳನ್ನು ನಾಲ್ಕು ಮಕ್ಕಳು ಕೂಡಿ ಕಲಿಯಬಹುದು. ಒಂಟಿಯಾಗಿ ಕಲಿಯುವವರಲ್ಲಿ ಬಹಳ ಮಂದಿ ನಡುವೆ ಬಿಡುತ್ತಾರೆಂದು ಮೇಲೆ ಕಂಡೆವು. ಜೊತೆಗೂಡಿ ಕಲಿಯುವವನನ್ನು ಗೆಳೆಯನು ಕೈಹಿಡಿದು ಎಳೆಯುತ್ತಾನೆ. ಪರೀಕ್ಷೆಯ ಸಾವಿರ ರೂಪಾಯಿ ಕಟ್ಟಲಾಗದವನಿಗೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ನೆರವಾಗಲಿ. ಅದು ಶಾಲಿಗಿಂತ ಬೆಲೆಯುಳ್ಳ ಸನ್ಮಾನ.

ವಾರ ಕಳೆದ ಮೇಲೆ ನಾನು ಆ ಮನೆಗೆ ಹೋದೆ. "90,000 ಕಟ್ಟಬ್ಯಾಡ್ರಿ ಅಕ್ಕಾರ. ಆ ದಿನ ನಾ ಭಾಷಣ ಮಾಡಿದ್ದು ತಪ್ಪಾತು" ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಮಗಳನ್ನು ಕರೆದು ನೀರು ತರಲು ಹೇಳಿದರು. ಉಳಿದ ಠೇವಣಿಯ ಹಣ ಈ ವರ್ಷ ಆಕೆಯ ನರ್ಸಿಂಗ್ ಕಾಲೇಜಿಗೇ ಎಂದು ಅಂದೇ ತೀರ್ಮಾನವಾಯಿತು. ಹುಡುಗನಿಗೆ ನಾನು ಒಂದು ಕೆಲಸ ಒಪ್ಪಿಸಿದೆ: ಮುದ್ದೇಬಿಹಾಳ, ತಾಳಿಕೋಟಿ ಮಾರುಕಟ್ಟೆಗಳಲ್ಲಿ ತೊಗರಿಯ ಧಾರಣೆ ಹಿಂದಿನ ಹತ್ತು ವರ್ಷ ಯಾವ ತಿಂಗಳಲ್ಲಿ ಎಷ್ಟಿತ್ತೆಂದು ಕೂಡಿಸಿ, ರೈತನಿಗೆ ಅರ್ಥವಾಗುವ ಹಾಗೆ ಒಂದು ಹಾಳೆಯಲ್ಲಿ ತೋರಿಸು, ಕಲಿತದ್ದು ನಿಜವಾಗಿದ್ದರೆ ಅದು ನಿನಗೆ ಬರಬೇಕು. ಮೊದಲ ವಾರ ಬರಲಿಲ್ಲ. ಈಗ ಸ್ವಲ್ಪ ಸ್ವಲ್ಪ ಬರುತ್ತಿದೆ. ಆತನಿಗೆ ಒಳ್ಳೆಯ ಕೆಲಸ ಸಿಕ್ಕಿತೆಂದು ಬರೆದು ಈ ಲೇಖನವನ್ನು ಮುಗಿಸುವ ಆಸೆ ನನಗಿತ್ತು, ಇನ್ನೂ ಸಿಕ್ಕಿಲ್ಲ. ಹಳೆಯ ಸಾಲದ ಕಂತು ಇನ್ನೂ ಇದೆ.

ಕೊರಿಂಥದ ಸಭೆಯವರಿಗೆ ಬರೆದ ಎರಡನೆಯ ಪತ್ರದಲ್ಲಿ ಸಂತ ಪೌಲರು, ತಮಗೆ ಬೇರೆಯವರ ಶಿಫಾರಸು ಪತ್ರ ಬೇಕೇ ಎಂದು ಕೇಳುತ್ತಾರೆ. ತಮ್ಮ ದುಡಿಮೆಯಿಂದ ಬದಲಾದ ಆ ಜನರೇ ತಮ್ಮ ಪತ್ರವೆಂದೂ ಅದು ಮಸಿಯಿಂದ ಬರೆದದ್ದಲ್ಲವೆಂದೂ ಹೇಳುತ್ತಾರೆ. ಗುಡಾರ ಹೊಲಿದು ಹೊಟ್ಟೆ ಹೊರೆದ ಮನುಷ್ಯ ಆಡಿದ ಮಾತು ಅದು. ನಮ್ಮ ಮಕ್ಕಳಿಗೆ ಅಂಥ ಪತ್ರ ಬರೆದುಕೊಡುವ ಶಕ್ತಿ ಯಾವ ಕಂಪನಿಗೂ ಇಲ್ಲ. ಅವರು ತಾವೇ ಅದನ್ನು ಬರೆದುಕೊಳ್ಳುವ ತನಕ ಜೊತೆಗೆ ಕುಳಿತಿರುವ ತಾಳ್ಮೆಯನ್ನು ದೇವರು ನಮಗೆ ಕೊಡಲಿ.